ಅನ್ನದ ಅಕ್ಷರಕ್ಕೂ ಅಷ್ಟೇ ಉಣ್ಣೆ

ಈ ಊರನ್ನು ಬರೆಯಲು ಹನ್ನೊಂದು ಅಕ್ಷರ ಬೇಕು,
ಕರೆಯಲು ಅರ್ಧ ಬಾಯಿ ಸಾಕು.
ಸ್ಲೇತ್‌ವೇಟ್ ಅಂತ ಬಸ್ಸಿನ ಹಣೆಯಲ್ಲಿರುತ್ತದೆ,
ಇಳಿದು ಹಾಗಂದರೆ ಯಾರೂ ಹೂಂಗುಟ್ಟುವುದಿಲ್ಲ.
ಸ್ಲಾವಿಟ್, ಅನ್ನುತ್ತಾಳೆ ಬ್ರೆಂಡಾ ಸೈಕ್ಸ್,
ಮಿಕ್ಕದ್ದನ್ನು ಚಹಾದ ಜೊತೆ ನುಂಗಿದವಳಂತೆ.

ನಾನೋ, ಬರೆದದ್ದನ್ನೆಲ್ಲ ಓದಿಯೇ ತೀರುವ ಭಾಷೆಯವಳು.
ಕಾಲಡಿಗೆ ಬಿದ್ದ ಒತ್ತನ್ನೂ
ಎತ್ತಿ ಬಾಯಿಗೆ ಹಾಕಿಕೊಳ್ಳುವವಳು.

ಊರ ಹಾಲಿಗೆ ಹೊಸ ಚಾವಣಿ ಹೊದಿಸಿ ಮುಗಿದಿತ್ತು.
ಶನಿವಾರ ಪಾರ್ಟಿ. ಬ್ಯಾಂಡಿನವರ ಬೆನ್ನ ಹಿಂದೆ
ಊರ ಹೆಸರು ಉಣ್ಣೆಯಲ್ಲಿ ಬೇಕು,
ಒಂದೊಂದಕ್ಷರ ಮೊಳದೆತ್ತರ.
ಯಾರು ಮಾಡುತ್ತೀರಿ ಎಂದಾಗ
ಬ್ರೆಂಡಾ ಕೈಯೆತ್ತಿದಳು.
ನನ್ನ ಕೈಯನ್ನೂ ಹಿಡಿದೆತ್ತಿದಳು.

ಯಾರದೋ ಹೊಸ ಫ್ರಿಜ್ಜು ಬಂದ ರಟ್ಟು,
ಕಟುಕರ ಅಂಗಡಿಯಿಂದ ಕಡ ತಂದ ಕತ್ತರಿ.
ತುದಿಗೊಂದು ಹನಿ ಅಂಟು, ಎಳೆಯ ತಲೆ ಅದುಮಿ
ಸುತ್ತು, ಸುತ್ತು.
ಬಿಗಿಯಾದರೆ ರಟ್ಟು ಸೊಂಟ ಮುರಿದುಕೊಳ್ಳುತ್ತದೆ,
ಸಡಿಲವಾದರೆ ಲಾಡಿ ಬಿಚ್ಚಿದ ಲಂಗ.
ಐ ಮತ್ತು ಎಲ್ ಪಾಪದವು, ಕೂತಲ್ಲೇ ಸುತ್ತಿಸಿಕೊಳ್ಳುತ್ತವೆ.
ಎ-ದು ಮಾತ್ರ ರಗಳೆ.
ಅದರ ಹೊಟ್ಟೆಯ ಕಿಂಡಿಯಲ್ಲಿ ಪ್ರತಿ ಸುತ್ತಿಗೂ
ಇಡೀ ಉಂಡೆಯನ್ನು ತೂರಿಸಿ ಎಳೆಯಬೇಕು.
ಇಂಥವು ಎರಡು, ಈ ಒಂದೇ ಹೆಸರಿನಲ್ಲಿ.

ಬ್ರೆಂಡಾ ಮೂವತ್ತೊಂದು ವರ್ಷ ಗಿರಣಿಯಲ್ಲಿ
ಬಟ್ಟೆಯ ಮೇಲೆ ಬೆರಳಾಡಿಸಿ
ಕಡಿದ ಎಳೆ ಹುಡುಕಿ ಕೂಡಿಸುತ್ತಿದ್ದವಳು.
ಗಿರಣಿ ಈಗ ಫ್ಲಾಟುಗಳಾಗಿದೆ, ಬೆರಳು ನಿವೃತ್ತಿಯಾಗಿಲ್ಲ.
ನಾನು ಸುತ್ತಿದ ಎಸ್ಸನ್ನು ಕಣ್ಣು ಮುಚ್ಚಿ ಸವರಿ
'ಇಲ್ಲಿ ರಟ್ಟು ಇಣುಕುತ್ತಿದೆ' ಎಂದಳು. ಇಣುಕುತ್ತಿತ್ತು.
'ಉಣ್ಣೆಯಂತೆ ಇದು, ಬರೀ ಅಕ್ರಿಲಿಕ್. ಕುರಿ ಕಂಡರೆ ನಕ್ಕೀತು.'
ಕಿಟಕಿಯಾಚೆ, ಮಂಜು ಕಚ್ಚಿದ ದಿಣ್ಣೆಯ ಮೇಲೆ
ಬೆನ್ನಿಗೆ ನೀಲಿ ಗುರುತು ಬಳಿಸಿಕೊಂಡ ನಿಜದ ಕುರಿಗಳು
ಇತ್ತ ನೋಡಲೇ ಇಲ್ಲ.

ಗುರುವಾರ ಹತ್ತು ಅಕ್ಷರ ಮುಗಿದಾಗ ಉಂಡೆ ನಿಂಬೆಯಷ್ಟಾಗಿತ್ತು.
ಉಳಿದದ್ದು ನಡುವಿನ ಎಚ್.
'ಇದನ್ನು ನೀವು ಅನ್ನುವುದೇ ಇಲ್ಲವಲ್ಲ,
ತೆಳ್ಳಗೆ ಸುತ್ತಿದರಾಗದೇ?' ಎಂದೆ.
'ಅನ್ನದಿದ್ದರೇನು, ಕಾಣುತ್ತದಲ್ಲ ಹುಡುಗಿ.'
(ನನಗೆ ಐವತ್ತೆರಡು.)
ಮನೆಗೆ ಹೋಗಿ ಕ್ಲಿಫರ್ಡನ ಕಾರ್ಡಿಗನ್ ತಂದಳು, ಸಾಸಿವೆ ಬಣ್ಣದ್ದು,
ತೋಳಿನ ಅಂಚಿನಲ್ಲೊಂದು ಗಂಟು ಹುಡುಕಿ ಎಳೆದಳು.
ಸರಸರ ಬಿಚ್ಚಿ ಮಡಿಲಲ್ಲಿ ಬಿತ್ತು, ಶಾವಿಗೆಯ ಹಾಗೆ,
ಹೆಣಿಗೆಯ ನೆನಪಿಗೆ ಇನ್ನೂ ಗುಂಗುರು ಗುಂಗುರು.
'ಬಿಸಿನೀರಲ್ಲಿ ಅದ್ದಿ ನೇರ ಮಾಡಲೇ?'
'ಬೇಡ. ಅವನೂ ನೇರ ಇರಲಿಲ್ಲ.'

ನಮ್ಮ ನಾಗಮಂಗಲದ ಶಾಲೆಯಲ್ಲಿ
ಬೆತ್ತ ಹಿಡಿದ ಮೇಷ್ಟ್ರು:
ಹಾಲು ಅನ್ನು. ಆಲು.
ಹಸು ಅನ್ನು. ಅಸು.
ಅಸು ಅಂದರೆ ಪ್ರಾಣ ಕಣೇ ದಡ್ಡಿ! ಒಂದೇಟು.
ಅಂದಿನಿಂದ ನನ್ನ ಒಂದೊಂದು ಹ-ದಲ್ಲೂ
ಅಂಗೈಯ ಬರೆ ಇದೆ.
ಇಲ್ಲಿ ಬ್ರೆಂಡಾ
'ಆಲ್' ಅನ್ನುತ್ತಾಳೆ, ಊರ ಹಾಲಿಗೆ.
ಮೊದಲ ಸಲ ಕೇಳಿದಾಗ
ಅವಳಜ್ಜಿ ಮಂಡ್ಯದವಳೇ ಇರಬೇಕೆನಿಸಿತ್ತು.

ಶನಿವಾರ. ತುತ್ತೂರಿ, ಮಾಂಸದ ಪೈ, ಬೇಯಿಸಿದ ಬಟಾಣಿ.
ರೇಡಿಯೇಟರಿನ ಕಾವಿಗೆ ಅಂಟು ಬಿಟ್ಟು
ಎರಡನೇ ಪದ್ಯದ ನಡುವೆ
ಹಸಿರಿನ ಸಾಲಿಂದ ಸಾಸಿವೆ ಬಣ್ಣದ ಎಚ್
ಡ್ರಮ್ಮಿನ ಹಿಂದೆ ಬಿತ್ತು.
ಯಾರ ಕತ್ತೂ ತಿರುಗಲಿಲ್ಲ.
ಅಧ್ಯಕ್ಷರು 'ನಮ್ಮ ಸ್ಲಾವಿಟ್' ಎಂದರು, ಚಪ್ಪಾಳೆ.
ನಾನು ಏಳಹೋದೆ.
ಮೇಜಿನಡಿ ಬ್ರೆಂಡಾಳ ಬೂಟು ನನ್ನ ಕಾಲನ್ನು ತಡೆಯಿತು.
'ಅದಿಲ್ಲದೆಯೂ ನಡೀತದೆ ಅನ್ನುತ್ತಾರಲ್ಲ ಎಲ್ಲರೂ,'
ಬಟಾಣಿ ಮೀಟುತ್ತ ಅಂದಳು,
'ನೋಡೋಣ, ಎಷ್ಟು ಹೊತ್ತು ನಡೀತದೆ.'

ರಾತ್ರಿ ಕುರ್ಚಿ ಮಡಚುವಾಗ ಅವಳೇ ಹುಡುಕಿ
ಧೂಳೊರೆಸಿ ನನ್ನ ಚೀಲಕ್ಕೆ ತುರುಕಿದಳು.

ಈಗ ನನ್ನ ಅಡುಗೆಮನೆಯ ಕಿಟಕಿಯಲ್ಲಿದೆ,
ಎರಡು ಕಾಲಿಗೆ ಒಂದೇ ಮೆಟ್ಟಿಲಿನ ಏಣಿ.
ಬೆಳಗ್ಗೆ ಡಬ್ಬಿಯ ಮುಚ್ಚಳ ತಿರುವಿ
ಅದರ ಎದುರಿಗೇ ಗಟ್ಟಿಯಾಗಿ ಅನ್ನುತ್ತೇನೆ:
ಆಲು.